ಅರ್ಧ ದಿನದ ಕೂಲಿ, ಇಡೀ ದಿನದ ಕೂಸು

ನಸುಕು ಹರಿಯುವ ಮೊದಲೇ ತಮಿಳುನಾಡಿನ ಕಂಬಂ, ಗೂಡಲೂರು, ಬೋಡಿನಾಯಕನೂರುಗಳಲ್ಲಿ ಜೀಪುಗಳು ಕೂಲಿಗಳನ್ನು ತುಂಬಿಕೊಳ್ಳುತ್ತವೆ. ಕಂಬಂಮೆಟ್ಟು, ಕುಮಳಿ ಇಲ್ಲವೇ ಬೋಡಿಮೆಟ್ಟಿನ ಘಾಟಿ ಏರಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟ ಸೇರಿದ ಹೆಂಗಸರು ಮನೆ ಮುಟ್ಟುವುದು ಸಂಜೆಗೆ. ಏಲಕ್ಕಿ ಗೊಂಚಲು ಗಿಡದ ಬುಡದಲ್ಲಿ, ನೆಲಕ್ಕೆ ತಾಗಿದಂತೆ ಬಿಡುತ್ತದೆ. ಇಡೀ ದಿನ ಬಗ್ಗಿ ಕಾಯಿ ಕೀಳಬೇಕು. ಆದರೂ ಕೇರಳದ ತೋಟದ ಕೂಲಿ ಕೆಳಗಿನ ಹೊಲದ ಕೂಲಿಗಿಂತ ಹೆಚ್ಚು. ಹಾಲು ಕುಡಿಯುವ ಕೂಸಿರುವ ತಾಯಿಗೆ ಮಾತ್ರ ಈ ಜೀಪು ಹತ್ತುವುದು ಕಷ್ಟ.

ಅವಳು ಹುಡುಕುವುದು ಊರ ಹತ್ತಿರದ, ಕೆಲವೇ ತಾಸುಗಳ ಕೆಲಸ. ಮುಲ್ಲೈಪೆರಿಯಾರ್ ನೀರುಂಡ ಕಂಬಂ ಕಣಿವೆಯಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿನ ಪನ್ನೀರ್ ದ್ರಾಕ್ಷಿಗೆ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ಕೊಯ್ಲಿರುತ್ತದೆ. ಏಲಕ್ಕಿಯ ಇ-ಹರಾಜು ನಡೆಯುವ ಬೋಡಿಯಲ್ಲಿ (ಬೋಡಿನಾಯಕನೂರು) ಕಾಯಿಗಳನ್ನು ಗಾತ್ರ, ಬಣ್ಣ ನೋಡಿ ಬೇರ್ಪಡಿಸುವುದು ಹೆಚ್ಚಾಗಿ ಹೆಂಗಸರ ಕೈಗಳೇ. ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ನೇಯ್ಗೆ ಮನೆಗಳಲ್ಲಿ ನೂಲು ಸುತ್ತುವ ಕೆಲಸ ತೊಟ್ಟಿಲ ಪಕ್ಕದಲ್ಲೇ ಸಾಗುತ್ತದೆ.

ಈ ಊರುಗಳ ಕೆಲವು ಮನೆಗಳ ಒಳಮಾತು ಕನ್ನಡ. ಕಂಬಂ ಕಣಿವೆಯಲ್ಲಿ ಕಾಪ್ಪಿಲಿಯರ್ ಎಂದೂ ಕರೆಸಿಕೊಳ್ಳುವ ಒಕ್ಕಲಿಗರು, ನೇಯ್ಗೆಯ ಊರುಗಳಲ್ಲಿ ದೇವಾಂಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಶಾಲೆ, ಸಂತೆ, ಕಚೇರಿ ಎಲ್ಲ ತಮಿಳು. ಕನ್ನಡ ಉಳಿದಿರುವುದು ಲಿಪಿಯಿಂದಲ್ಲ, ಬಾಯಿಂದ ಬಾಯಿಗೆ ಸಾಗಿ. ಅದನ್ನು ದಾಟಿಸುವವರಲ್ಲಿ ಅಜ್ಜಿ ಮೊದಲಿಗಳು. ತಾಯಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕೂಸಿಗೆ ಉಣಿಸುತ್ತ, ಮಲಗಿಸುತ್ತ ಅವಳಾಡುವ ಮಾತೇ ಆ ಮಗುವಿಗೆ ಕನ್ನಡದ ಏಕೈಕ ಶಾಲೆ.

ಆ ಅಜ್ಜಿಯ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೊಸೆ ನಾಲ್ಕು ತಾಸು ದುಡಿಯಬೇಕಾದರೆ ಮನೆಯಲ್ಲಿ ಇನ್ನೊಬ್ಬಳು ಆ ನಾಲ್ಕು ತಾಸು ಕೂಸಿಗೆ ಕಟ್ಟುಬೀಳಬೇಕು. ಅಜ್ಜಿ ಕಾಯಿಲೆ ಬಿದ್ದರೆ ಆ ಹೊಣೆ ಹಿರಿಯ ಮಗಳ ಮೇಲೆ ಬಂದು, ಅವಳ ಶಾಲೆ ತಪ್ಪುತ್ತದೆ. ಅರ್ಧ ದಿನದ ಕೆಲಸ ಎಂಬುದು ಕೂಲಿಯ ಮಟ್ಟಿಗಷ್ಟೇ ಅರ್ಧ.

ಘಾಟಿಯ ಮೇಲೊಂದು ಕಾನೂನು, ಕೆಳಗೊಂದು ಕೂಸು

ಕಾನೂನು ಈ ತಾಯಂದಿರನ್ನು ಮರೆತಿರಲಿಲ್ಲ. 50 ಅಥವಾ ಹೆಚ್ಚು ಹೆಂಗಸರು ದುಡಿಯುವ, ಇಲ್ಲವೇ ಅವರ 20 ಅಥವಾ ಹೆಚ್ಚು ಮಕ್ಕಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೂ ಇದನ್ನೇ ಹೇಳಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು ಎಂದಿತು.

ಇಡುಕ್ಕಿಯ ಏಲಕ್ಕಿ ಹಿಡುವಳಿಗಳಲ್ಲಿ ಬಹುಪಾಲು ಚಿಕ್ಕವು. ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಿಕ್ಕರೂ ಕೇಂದ್ರ ಇರುವುದು ಘಾಟಿಯ ಮೇಲೆ, ಕೇರಳದಲ್ಲಿ. ಕೂಸು ಇರುವುದು ಕೆಳಗೆ, ತಮಿಳುನಾಡಿನಲ್ಲಿ. ತುಂಬಿದ ಜೀಪಿನಲ್ಲಿ ಹಸುಗೂಸನ್ನು ಎತ್ತಿಕೊಂಡು ದಿನವೂ ಘಾಟಿ ಏರಿಳಿಯಲಾಗದು. 1975ರಿಂದ ಬೆಳೆದುಬಂದ ಅಂಗನವಾಡಿಯೇನೋ ಊರಲ್ಲೇ ಇದೆ. ಆದರೆ ಜೀಪು ಹೊರಟ ಮೇಲೆ ಅದರ ಬಾಗಿಲು ತೆರೆಯುತ್ತದೆ, ಜೀಪು ಮರಳುವ ಮುನ್ನ ಮುಚ್ಚುತ್ತದೆ. ನಡೆಯಲೂ ಬಾರದ ಕೂಸನ್ನು ಅಲ್ಲಿ ದಿನವಿಡೀ ಬಿಡುವ ಏರ್ಪಾಡೂ ಇಲ್ಲ.

ಈ ಸೀಮೆಗೆ ತಾಯಿ-ಮಗುವಿನ ಆರೈಕೆಯನ್ನು ಊರಿನ ಹೊಣೆ ಎಂದು ಕಂಡ ಪರಂಪರೆಯಿದೆ. ಬಾಲ್ಯದಲ್ಲೇ ವಿಧವೆಯಾಗಿ, ಓದಿ ವೈದ್ಯೆಯಾದ ಡಾ. ಟಿ. ಎಸ್. ಸೌಂದರಂ 1947ರಲ್ಲಿ ಪತಿ ಜಿ. ರಾಮಚಂದ್ರನ್ ಜೊತೆ ಚಿನ್ನಾಳಪಟ್ಟಿಯ ಮಗ್ಗುಲಲ್ಲೇ ಗಾಂಧಿಗ್ರಾಮವನ್ನು ಕಟ್ಟಿದರು. ಅಲ್ಲಿನ ಪುಟ್ಟ ಚಿಕಿತ್ಸಾಲಯ ಮುಂದೆ ಕಸ್ತೂರಬಾ ಆಸ್ಪತ್ರೆಯಾಗಿ ಸುತ್ತಲಿನ ಹಳ್ಳಿಗಳ ಬಾಣಂತಿಯರಿಗೆ ಆಸರೆಯಾಯಿತು. ಹೆರಿಗೆಗೆ ಸಿಕ್ಕ ಆ ಕಾಳಜಿ ಹೆರಿಗೆಯ ನಂತರದ ಮೂರು ವರ್ಷಗಳಿಗೂ ಸಿಗಬೇಕು.

ದಾರಿ ಹೊಸದೇನಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಒಬ್ಬ ಕೂಲಿ ಹೆಂಗಸನ್ನೇ ಅವರನ್ನು ನೋಡಿಕೊಳ್ಳಲು ನಿಲ್ಲಿಸಿ, ಅವಳಿಗೂ ಕೂಲಿ ಕೊಡಿ ಎಂದಿತು. ಮಗು ನೋಡಿಕೊಳ್ಳುವುದೂ ದುಡಿಮೆಯೇ ಎಂದು ಒಪ್ಪಿದ ಮಾತು ಅದು. ಕರ್ನಾಟಕ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಕೇಂದ್ರ ಮಾಲೀಕನ ತೋಟದಲ್ಲಿಲ್ಲ, ತಾಯಿಯ ಊರಿನಲ್ಲಿದೆ ಎಂಬುದೇ ಅದರ ಹೆಚ್ಚುಗಾರಿಕೆ.

ಕಂಬಂ ಕಣಿವೆಗೆ ಬೇಕಾದುದೂ ಅಂಥ ಮನೆಯೇ. ಅದು ಮೊದಲ ಜೀಪಿಗಿಂತ ಮುಂಚೆ ತೆರೆಯಬೇಕು, ಕೊನೆಯ ಜೀಪು ಇಳಿದ ಮೇಲೆ ಮುಚ್ಚಬೇಕು. ಬೋಡಿಯಲ್ಲಿ ಕೈಬದಲಾಗುವ ಏಲಕ್ಕಿಯ ವಹಿವಾಟು ಸಣ್ಣದಲ್ಲ. ಲಾಭ ಕಾಣುವ ವರ್ತಕರು, ತೋಟದ ಮಾಲೀಕರು, ಎರಡೂ ರಾಜ್ಯಗಳ ಸರ್ಕಾರಗಳು ಇದರ ಖರ್ಚು ಹೊರಬೇಕು. ಕೂಸು ನೋಡಿಕೊಳ್ಳುವ ಊರಿನ ಹಿರಿಯ ಹೆಂಗಸರಿಗೆ ಸಂಬಳ ಸಿಗಬೇಕು. ಹಾಗಾದರೆ ಅರ್ಧ ದಿನ ದುಡಿಯಬೇಕೋ, ಇಡೀ ದಿನವೋ ಎಂಬುದನ್ನು ತಾಯಿಯೇ ತೀರ್ಮಾನಿಸಿಯಾಳು.