ಮತವುಂಟು, ಮಾತಿಲ್ಲ

ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ನಮಗೆ ದೀರ್ಘವಾದ ಲೇಖನವೊಂದನ್ನು ಕಳುಹಿಸಿದ್ದಾಳೆ. ರಾಜಕೀಯ, ಕಾಲೇಜಿನ ಬಾಳು, ಬರವಣಿಗೆ, ಪತ್ರಿಕೆಗಳು ಇವನ್ನು ಕುರಿತು ಈಕೆ ಆಲೋಚಿಸಿರುವ ಬಗೆಯು ನಮ್ಮ ಮನಸ್ಸನ್ನು ಸೆಳೆದಿದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಬರೆದ ಈ ಲೇಖನವನ್ನು, ವಿವಾದಕ್ಕೆ ಆಸ್ಪದವಾದೀತೆಂದು ಅಲ್ಲಿಯವರು ಹಿಂದಿರುಗಿಸಿದರಂತೆ. ನಾವು ಎರಡು ಸಲ ಓದಿ ನೋಡಿದೆವು. ವಿದ್ಯಾರ್ಥಿನಿಲಯದ ನೀರಿನ ತೊಂದರೆ, ಹಳ್ಳಿಯ ಬಸ್ಸು ತಡವಾದುದಕ್ಕೆ ಹುಡುಗಿಯರ ಹಾಜರಿ ಕಳೆಯುವುದು, ಚುನಾವಣೆಯ ಕಾಲದಲ್ಲಿ ಮಾತ್ರ ತರುಣರನ್ನು ನೆನೆಯುವ ಮುಖಂಡರು: ಇವಿಷ್ಟೇ ಅದರಲ್ಲಿರುವ ವಿವಾದ. ಯಾರ ಹೆಸರನ್ನೂ ಎತ್ತಿಲ್ಲ, ಬಿರುನುಡಿಯೊಂದೂ ಇಲ್ಲ. ಅದೇ ಸಂಚಿಕೆಯಲ್ಲಿ ಆಡಳಿತ ಮಂಡಳಿಯವರ ಭಾವಚಿತ್ರಗಳು ಎಂಟು ಪುಟಗಳನ್ನು ತುಂಬಿವೆಯೆಂದು ತಿಳಿಯುತ್ತದೆ. ಅವುಗಳಿಂದ ವಿವಾದವೇಳುವ ಸಂಭವವಿಲ್ಲವಷ್ಟೆ!

ಈಕೆಗೆ ಹತ್ತೊಂಬತ್ತು ವರ್ಷ. ಸಂವಿಧಾನದ 61ನೆಯ ತಿದ್ದುಪಡಿಯು 1989ರ ಮಾರ್ಚಿಯಲ್ಲಿ ಜಾರಿಗೆ ಬಂದಂದಿನಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿದೆ. ದೇಶದ ಆಡಳಿತವನ್ನು ಯಾರ ಕೈಗೊಪ್ಪಿಸಬೇಕೆಂದು ನಿರ್ಣಯಿಸುವ ಅಧಿಕಾರ ಈಕೆಗುಂಟು. ಆದರೆ ಸುಮಾರು ಅದೇ ಕಾಲದಿಂದ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತುಹೋಗಿವೆ. ಹೆಚ್ಚಿನ ಕಡೆಗಳಲ್ಲಿ ಅಂಕ ನೋಡಿ ಪ್ರತಿನಿಧಿಯನ್ನು ಅಧ್ಯಾಪಕರೇ ಹೆಸರಿಸುತ್ತಾರೆ. ಲೋಕಸಭೆಗೆ ಸದಸ್ಯರನ್ನು ಆರಿಸಬಲ್ಲವಳು ತನ್ನ ತರಗತಿಗೊಬ್ಬ ಪ್ರತಿನಿಧಿಯನ್ನು ಆರಿಸಲಾರಳೇ ಎಂದು ಈಕೆ ಕೇಳುತ್ತಾಳೆ. ಈ ಪ್ರಶ್ನೆಗೆ ಉತ್ತರವನ್ನು ನಾವು ಇದುವರೆಗೆ ಯಾವ ಮಂತ್ರಿಗಳ ಬಾಯಿಂದಲೂ ಕೇಳಿಲ್ಲ.

ಗಲಭೆಯ ಭಯದಿಂದ ಚುನಾವಣೆಗಳನ್ನು ನಿಲ್ಲಿಸಿದರೆಂಬುದು ನಿಜ. ಆ ಭಯವು ಹುಸಿಯೆಂದು ನಾವು ಹೇಳುವುದಿಲ್ಲ. ಚೂರಿ, ಚೈನುಗಳು ಕಾಲೇಜಿನ ಅಂಗಳಕ್ಕೆ ಬಂದ ದಿನಗಳನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆದರೆ ರೋಗಕ್ಕೆ ಮದ್ದನ್ನು ಲಿಂಗ್ಡೊ ಸಮಿತಿಯು 2006ರಲ್ಲಿಯೇ ಬರೆದುಕೊಟ್ಟಿದೆ. ಶ್ರೇಷ್ಠ ನ್ಯಾಯಾಲಯವೂ ಅದನ್ನು ಅಂಗೀಕರಿಸಿತು. ಅಭ್ಯರ್ಥಿಗೆ ನೂರಕ್ಕೆ 75ರಷ್ಟು ಹಾಜರಿಯಿರಬೇಕು. ವೆಚ್ಚವು 5,000 ರೂಪಾಯಿಗಳನ್ನು ಮೀರಕೂಡದು. ಅಚ್ಚಾದ ಭಿತ್ತಿಪತ್ರಗಳು ಕೂಡದು, ಕೈಯಿಂದ ಬರೆದವು ಮಾತ್ರ ಸಲ್ಲುವುವು. ಶಾಸನಸಭೆಯ ಚುನಾವಣೆಗಳಿಗೂ ಇಂತಹ ಕಟ್ಟಳೆಯೊಂದಿದ್ದರೆ ನಾಡು ಎಷ್ಟು ಚೊಕ್ಕಟವಾಗುತ್ತಿತ್ತೋ!

ವಿದ್ಯಾರ್ಥಿಗಳಿಗೆ ರಾಜಕೀಯವೇಕೆ ಎಂಬ ಉಪದೇಶವು ಹಳೆಯದು. ಅದನ್ನು ಹೇಳುವ ಮಹನೀಯರೇ ಮೈಸೂರಿನ ರಾಮಸ್ವಾಮಿ ವೃತ್ತವನ್ನು ಹಾದುಹೋಗುತ್ತಾರೆ. ಜವಾಬ್ದಾರಿ ಸರಕಾರಕ್ಕಾಗಿ ನಡೆದ ಚಳವಳಿಯಲ್ಲಿ 1947ರ ಸೆಪ್ಟೆಂಬರ್ 13ರಂದು ಗುಂಡಿಗೆ ಬಲಿಯಾದ ಆ ಹುಡುಗನು ಹೈಸ್ಕೂಲು ವಿದ್ಯಾರ್ಥಿ. 1942ರಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದ ಎಚ್. ನರಸಿಂಹಯ್ಯನವರು ಮತ್ತೆ ಬಂದು ಓದಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ರಾಜಕೀಯವು ಅವರ ವಿದ್ಯೆಯನ್ನೇನೂ ಕೆಡಿಸಲಿಲ್ಲ.

ಇನ್ನು ಬರವಣಿಗೆಯ ಮಾತು. ನಮಗೆ ಹೆಚ್ಚಿನ ಚಿಂತೆಯಾಗಿರುವುದು ಇದರಲ್ಲಿಯೇ. ತನ್ನ ಓರಗೆಯವರು ಬರೆಯುವುದಿಲ್ಲವೆಂಬ ದೂರು ಸುಳ್ಳೆಂದು ಈಕೆ ಹೇಳುತ್ತಾಳೆ. ಅವರು ಬೆಳಗಿನಿಂದ ನಡುರಾತ್ರಿಯವರೆಗೆ ಬರೆಯುತ್ತಲೇ ಇರುತ್ತಾರೆ, ಮೊಬೈಲಿನ ಮೇಲೆ. ಅಧ್ಯಾಪಕರ ಮೇಲಿನ ಸಿಟ್ಟು, ಜಾತಿಯ ಹಗೆ, ಪಕ್ಷದ ಜಯಕಾರ ಎಲ್ಲವೂ ಅಲ್ಲಿ ಹೆಸರಿಲ್ಲದೆ ಹರಿದು, ಬೆಳಗಾಗುವುದರೊಳಗೆ ಅಳಿಸಿಹೋಗುತ್ತದೆ. ಬರೆದವನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ತಿದ್ದುವವರೂ ಇಲ್ಲ. ಕಾಲೇಜಿನ ಸಂಚಿಕೆಯಲ್ಲಿ ನೀರಿನ ವಿಷಯ ಬರೆಯಬಾರದೆಂದವರು ತರುಣರನ್ನು ತಾವೇ ಅತ್ತ ಅಟ್ಟಿದರೆಂಬುದನ್ನು ತಿಳಿಯದೆ ಹೋದರು.

ಒಂದು ಶತಮಾನಕ್ಕೂ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿದರು. ಆ ಸಂಘದಿಂದ ಹೊರಟುದು “ಪ್ರಬುದ್ಧ ಕರ್ಣಾಟಕ”. ಕನ್ನಡವೆಂದರೆ ಮೂಗುಮುರಿಯುತ್ತಿದ್ದ ಇಂಗ್ಲಿಷ್ ಕಾಲೇಜಿನ ಅಂಗಳದಿಂದ ನಾಡಿನ ಗಣ್ಯ ಪತ್ರಿಕೆಯೊಂದು ಎದ್ದುಬಂದಿತೆಂದರೆ, ಅಲ್ಲಿ ಬರೆಯಗೊಡುವ ಗುರುಗಳಿದ್ದರೆಂದೇ ಅರ್ಥ.

ಪತ್ರಿಕೆಗಳ ಮೇಲೂ ಈಕೆಗೆ ಸಿಟ್ಟುಂಟು. ನಿಮ್ಮ ಪುಟಗಳಲ್ಲಿ ವಿದ್ಯಾರ್ಥಿಯೆಂದರೆ ರ‍್ಯಾಂಕು, ಇಲ್ಲವೆ ಗಲಾಟೆ ಎನ್ನುತ್ತಾಳೆ. ಮಾತು ಖಾರವಾಗಿದೆ. ಆದರೆ ಕಾಲೇಜುಗಳು ವರದಿಗಾರರನ್ನು ಕರೆಯುವುದು ಬಹುಮಾನ ವಿತರಣೆಗೆ; ಕರೆಯದೆ ಅವರು ಹೋಗುವುದು ಪೋಲೀಸರು ಹೋದಾಗ. ನಡುವಿನ ಮುನ್ನೂರು ದಿನಗಳ ಸುದ್ದಿಯನ್ನು ಈಕೆಯಂತಹವರೇ ಬರೆದು ಕಳುಹಿಸಬೇಕು.

ಸಂಚಿಕೆಯ ಖರ್ಚು ವಿದ್ಯಾರ್ಥಿಗಳ ಶುಲ್ಕದಿಂದಲೇ ಬರತಕ್ಕದ್ದು. ಆದುದರಿಂದ ಅದರ ಸಂಪಾದಕತ್ವವು ವಿದ್ಯಾರ್ಥಿಗಳಿಗೇ ಸೇರಬೇಕು. ಅಧ್ಯಾಪಕರೊಬ್ಬರು ಸಲಹೆಗಾರರಾಗಿರಲಿ, ಲೇಖನವನ್ನು ನಿರಾಕರಿಸಿದಲ್ಲಿ ಕಾರಣವನ್ನು ಬರೆದುಕೊಡಲಿ, ಆಕ್ಷೇಪಣೆಯಿದ್ದವರ ಉತ್ತರಕ್ಕೂ ಸ್ಥಳವಿರಲಿ. ಇದಕ್ಕೆ ಸರಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಪ್ರಾಂಶುಪಾಲರು ಮನಸ್ಸು ಮಾಡಿದರೆ ಸಾಕು.

ಲೇಖನದೊಡನೆ ತನ್ನ ಹೆಸರನ್ನೂ ಅಚ್ಚು ಮಾಡಬೇಕೆಂದು ಈಕೆ ಬರೆದಿದ್ದಳು. ಆಂತರಿಕ ಮೌಲ್ಯಮಾಪನದ ಅಂಕಗಳು ಯಾರ ಕೈಯಲ್ಲಿವೆಯೆಂಬುದನ್ನು ಬಲ್ಲ ನಾವು, ಇನ್ನೊಮ್ಮೆ ಯೋಚಿಸೆಂದೂ ಮನೆಯವರನ್ನು ಕೇಳೆಂದೂ ತಿಳಿಸಿದೆವು. ನಾಲ್ಕನೆಯ ದಿನ ಉತ್ತರ ಬಂದಿತು: ತಂದೆಗೆ ಓದಿ ಹೇಳಿದ್ದಾಗಿದೆ, ಹೆಸರಿಲ್ಲದ ಮಾತು ಮೊಬೈಲಿನಲ್ಲಿ ಬೇಕಾದಷ್ಟಿದೆ ಎಂದು. ಲೇಖನವು ಬರುವ ಭಾನುವಾರದ ಪತ್ರಿಕೆಯಲ್ಲಿ ಹೆಸರಿನೊಡನೆ ಪ್ರಕಟವಾಗುವುದು. ಕಾಲೇಜಿನವರು ಸಮಾಧಾನವನ್ನು ಬರೆದು ಕಳುಹಿಸಿದಲ್ಲಿ ಅದೇ ಪುಟದಲ್ಲಿ ಅಷ್ಟೇ ಸ್ಥಳವನ್ನು ಕೊಡುತ್ತೇವೆ.