ಹಲವು ಲೆಕ್ಕಗಳು, ಒಂದು ತಖ್ತೆ

ಶಾಲೆಯಲ್ಲಿ ದಾಖಲಾತಿ, ಗೈರುಹಾಜರಿ, ವಾಚನಾಲಯ ಇವುಗಳಿಗೆ ಬೇರೆ ಬೇರೆ ಪುಸ್ತಕಗಳಿರುವುದನ್ನು ನಮ್ಮ ವಿದ್ಯಾರ್ಥಿಗಳೂ ಪಾಲಕರೂ ಬಲ್ಲರು. ಇಂದು ಇಂತಹ ಪುಸ್ತಕಗಳು ಗಣಕಯಂತ್ರದಲ್ಲಿ ಕೋಷ್ಟಕಗಳ ರೂಪವನ್ನು ತಾಳಿವೆ. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು 1970ರಲ್ಲಿ ಈ ಕ್ರಮವನ್ನು ಪ್ರತಿಪಾದಿಸಿದರು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಪ್ರಕಟಿಸಿದ ಭಾಷೆಯಿಂದ, ಕೋಷ್ಟಕಗಳನ್ನು ಪ್ರಶ್ನಿಸುವ ಇಂದಿನ ಎಸ್‌ಕ್ಯೂಎಲ್ ಬೆಳೆದುಬಂದಿತು.

ಪ್ರತಿಯೊಬ್ಬ ವಿದ್ಯಾರ್ಥಿಯು ಎಷ್ಟು ಪುಸ್ತಕಗಳನ್ನು ಓದಲು ಒಯ್ದನು, ಎಷ್ಟು ದಿನ ಗೈರುಹಾಜರಾದನು ಎಂಬುದನ್ನು ಒಂದೇ ತಖ್ತೆಯಲ್ಲಿ ಕಾಣಬೇಕೆಂದು ಭಾವಿಸೋಣ. ದಾಖಲೆ ಸಂಖ್ಯೆಯನ್ನನುಸರಿಸಿ ಸಾಲುಗಳನ್ನು ಗುಂಪುಮಾಡಿ ಎಣಿಸುವುದಕ್ಕೆ ‘ಗ್ರೂಪ್ ಬೈ’ ಎಂದೂ, ಎರಡು ಕೋಷ್ಟಕಗಳನ್ನು ಕೂಡಿಸುವುದಕ್ಕೆ ‘ಜಾಯಿನ್’ ಎಂದೂ ಹೆಸರು. ಇವೆರಡರಲ್ಲಿ ಯಾವುದು ಮೊದಲು ಎಂಬುದೇ ಇಲ್ಲಿಯ ಮರ್ಮ.

ಒಬ್ಬ ಬಾಲಕನು 3 ಪುಸ್ತಕಗಳನ್ನು ಒಯ್ದು, 4 ದಿನ ಗೈರುಹಾಜರಾಗಿರಲಿ. ಎಣಿಸುವ ಮುನ್ನವೇ ಎರಡು ಕೋಷ್ಟಕಗಳನ್ನು ಕೂಡಿಸಿದರೆ, ಪುಸ್ತಕದ ಪ್ರತಿಯೊಂದು ಸಾಲೂ ಗೈರುಹಾಜರಿಯ ಪ್ರತಿಯೊಂದು ಸಾಲಿನೊಡನೆ ಜೋಡಿಯಾಗಿ 12 ಸಾಲುಗಳು ಹುಟ್ಟುತ್ತವೆ. ಆಗ ಸಾಲುಗಳನ್ನು ಎಣಿಸಿದರೆ ಪುಸ್ತಕಗಳೂ 12, ಗೈರುಹಾಜರಿಯೂ 12! ಯಂತ್ರವು ದೋಷವನ್ನೇನೂ ಸೂಚಿಸದು. ನಿರಪರಾಧಿಯಾದ ಬಾಲಕನು ಮಾತ್ರ ಪಾಲಕರ ಮುಂದೆ ತಲೆತಗ್ಗಿಸಬೇಕಾದೀತು. ಆದುದರಿಂದ ಒಂದೊಂದು ಕೋಷ್ಟಕವನ್ನೂ ಪ್ರತ್ಯೇಕವಾಗಿ ಗುಂಪುಮಾಡಿ, ಒಬ್ಬನಿಗೆ ಒಂದೇ ಸಾಲು ಉಳಿದ ಮೇಲೆಯೇ ಅವುಗಳನ್ನು ಕೂಡಿಸತಕ್ಕದ್ದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಸಾಮಾನ್ಯ ಜಾಯಿನ್ ಎರಡೂ ಕಡೆ ಇರುವವರನ್ನು ಮಾತ್ರ ಉಳಿಸುತ್ತದೆ. ಒಂದು ದಿನವೂ ತಪ್ಪದೆ ಬಂದ ಬಾಲಕಿಯ ಹೆಸರು ಗೈರುಹಾಜರಿಯ ಕೋಷ್ಟಕದಲ್ಲಿ ಇರುವುದೇ ಇಲ್ಲ. ಒಂದೂ ಪುಸ್ತಕವನ್ನೊಯ್ಯದ ಬಾಲಕನ ಹೆಸರು ವಾಚನಾಲಯದ ಕೋಷ್ಟಕದಲ್ಲಿ ಇರದು. ಹೀಗಾಗಿ ಮೆಚ್ಚಬೇಕಾದವಳೂ ಕೈಹಿಡಿದು ನಡೆಸಬೇಕಾದವನೂ ತಖ್ತೆಯಿಂದ ಮಾಯವಾಗುತ್ತಾರೆ. ಇದಕ್ಕೆ ಪರಿಹಾರವೆಂದರೆ, ಎಲ್ಲರ ಹೆಸರಿರುವ ದಾಖಲಾತಿ ಕೋಷ್ಟಕವನ್ನು ಮೊದಲಿಗೆ ಇರಿಸಿ, ಎಣಿಕೆಯ ಫಲಗಳನ್ನು ಒಂದೊಂದಾಗಿ ‘ಲೆಫ್ಟ್ ಜಾಯಿನ್’ನಿಂದ ಅದಕ್ಕೆ ಸೇರಿಸುವುದು. ಆಗ ಯಾವ ಹೆಸರೂ ಬಿಟ್ಟುಹೋಗದು. ಬರಿದಾಗಿ ಉಳಿದ ಸ್ಥಾನಗಳಲ್ಲಿ ‘ಕೋಅಲೆಸ್’ ಎಂಬುದರಿಂದ ಸೊನ್ನೆಯನ್ನು ತುಂಬಬಹುದು.

ಸೊನ್ನೆಯೂ ಒಂದು ಉತ್ತರವೇ. ಅದನ್ನು ಬರೆಯದ ಲೆಕ್ಕವು ಒಂದು ಮಗುವನ್ನೇ ಮರೆತಂತೆ. ವಿದ್ಯಾರ್ಥಿಗಳು ಯಾವ ತಖ್ತೆಯನ್ನು ಸಿದ್ಧಪಡಿಸಿದರೂ, ಕೊನೆಯಲ್ಲಿ ಅದರ ಸಾಲುಗಳನ್ನು ಎಣಿಸಿ ದಾಖಲಾತಿಯೊಡನೆ ಹೋಲಿಸಿ ನೋಡಬೇಕೆಂಬುದೇ ನಮ್ಮ ಸೂಚನೆ.