ಹೊಸ ಟ್ಯಾಟೂ: ಕೆಂಪಾದರೆ ಯಾವಾಗ ಹೆದರಬೇಕು?

ಹೊಸ ಟ್ಯಾಟೂ ಅಂದ್ರೆ ಸೂಜಿ ಸಾವಿರಾರು ಸಲ ಚುಚ್ಚಿದ ಹಸಿ ಗಾಯ. ಮೊದಲ ಎರಡು ಮೂರು ದಿನ ಕೆಂಪಾಗುತ್ತೆ, ಸ್ವಲ್ಪ ಊದುತ್ತೆ, ನೀರಿನಂಥ ರಸ ಒಸರುತ್ತೆ. ಅದು ಸಹಜ. ಕೈ ತೊಳೆದುಕೊಂಡು, ಸುವಾಸನೆಯಿಲ್ಲದ ಸೋಪಿನಿಂದ ಮೆಲ್ಲಗೆ ತೊಳೆಯಿರಿ. ಉಜ್ಜದೆ, ಒತ್ತಿ ಒರೆಸಿ. ಮಾಯಿಶ್ಚರೈಸರ್ ತೆಳ್ಳಗೆ ಸವರಿ. ಅರಿಶಿನ, ಟೂತ್‌ಪೇಸ್ಟ್ ಖಂಡಿತ ಬೇಡ. ಹಕ್ಕಳೆ ಎದ್ದು ನವೆಯಾದರೂ ಕೆರೆಯಬೇಡಿ. ಗಾಯ ಪೂರ್ತಿ ಮಾಯುವ ತನಕ ಹೊಳೆ, ಕೆರೆ, ಈಜುಕೊಳಕ್ಕೆ ಇಳಿಯಬೇಡಿ.

ಈಗ ಇದನ್ನ ಗಮನವಿಟ್ಟು ಕೇಳಿ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರ್ತಾ ಹೋದರೆ, ಕೆಂಪು ಸುತ್ತಲೂ ಹರಡಿದರೆ, ಕೀವು ಬಂದರೆ, ಅದು ಸೋಂಕು ಇರಬಹುದು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ, ಹರಡ್ತಿದೆಯಾ ಅಂತ ಗೊತ್ತಾಗುತ್ತೆ. ಅವತ್ತೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಜ್ವರ, ಚಳಿ ನಡುಕ, ಗಾಯದಿಂದ ಮೇಲಕ್ಕೇರುವ ಕೆಂಪು ಗೆರೆ ಕಂಡರೆ, ಮಧ್ಯರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಹೋಗಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚೋರು ಬಹಳ ಜನ. ದಯವಿಟ್ಟು ಹಚ್ಚಬೇಡಿ! ಮೇಲೆ ಕೆಂಪು ಇಳಿದ ಹಾಗೆ ಕಾಣುತ್ತೆ, ಒಳಗೆ ಸೋಂಕು ಬೆಳೀತಿರುತ್ತೆ. ಡಾಕ್ಟರು ಆ್ಯಂಟಿಬಯಾಟಿಕ್ ಕೊಟ್ಟರೆ, ಗುಣವಾಯ್ತು ಅನಿಸಿದರೂ ಕೋರ್ಸ್ ಮುಗಿಸಿ.

ಕೆಲವು ಸೋಂಕು ವಾರಗಳಾದ ಮೇಲೆ ಗುಳ್ಳೆಗಳಾಗಿ ಏಳುತ್ತವೆ. 2011ರ ಕೊನೆಗೆ ಅಮೆರಿಕದ ರಾಚೆಸ್ಟರ್‌ನಲ್ಲಿ ಟ್ಯಾಟೂ ಹಾಕಿಸಿಕೊಂಡ 19 ಜನರಿಗೆ ಹೀಗಾಯ್ತು. ಬ್ಯಾಕ್ಟೀರಿಯಾ ಬಂದದ್ದು ಬೂದು ಬಣ್ಣದ ಶಾಯಿಯಿಂದ. ಇದಕ್ಕೆ ಮಾಮೂಲಿ ಔಷಧಿ ಸಾಕಾಗಲ್ಲ, ಪರೀಕ್ಷೆ ಬೇಕು. ಹಾಗಾಗಿ ಡಾಕ್ಟರಿಗೆ ಟ್ಯಾಟೂ ಹಾಕಿಸಿಕೊಂಡ ತಾರೀಖು, ಗುಳ್ಳೆ ಎದ್ದಿರೋ ಬಣ್ಣ, ಎರಡನ್ನೂ ಹೇಳಿ.